ಸುಡದ ತೋಪು

ಹೋದ ವಾರ ಹೊನ್ನಾವರದ ಬಂದರಿನ ಪಕ್ಕ ಯಾರೋ ದೋಣಿಗೆ ಗೇರೆಣ್ಣೆ ಹೊಡೆಯುತ್ತಿದ್ದರು. ಗೇರುಬೀಜದ ಸಿಪ್ಪೆಯಿಂದ ತೆಗೆದ ಆ ಕಪ್ಪೆಣ್ಣೆಯ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ರಿಕ್ಷಾ ನಿಲ್ಲಿಸಿ ಇಳಿದುಬಿಟ್ಟೆ. ಜೊತೆಗಿದ್ದ ಮೊಮ್ಮಗಳು ಕುಮಟೆಯ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವವಳು. ನಮ್ಮ ದೇಶದ ಹೊಸ ಕ್ಷಿಪಣಿ ಎಷ್ಟು ದೂರ ಹೋಗುತ್ತದೆ, ಆಚೆಯವರದು ಎಷ್ಟು ದೂರ ಬರುತ್ತದೆ ಎಂದು ದಾರಿಯುದ್ದಕ್ಕೂ ನನಗೆ ಪಾಠ ಮಾಡುತ್ತ ಬಂದಿದ್ದಳು.

"ಅದು ಹೊಡೆಯೂದಕ್ಕಲ್ಲ ಅಮ್ಮಮ್ಮ, ಹೆದರ್ಸೂದಕ್ಕೆ. ನಮ್ಮತ್ರ ಇದೆ ಅಂತ ಅವ್ರು ನಂಬಿದ್ರೆ ಸಾಕು, ಯಾರೂ ಕೈ ಎತ್ತೂದಿಲ್ಲ."

ನಂಬಿದರೆ ಸಾಕಂತೆ! ನನಗೆ ಹೇಳಲಿಕ್ಕೆ ಬಂದಳು. ನಂಬಿಸುವುದು ಎಷ್ಟು ಕಷ್ಟ, ನಂಬಿಸಿದ ಮೇಲೆ ಅದರ ಜೊತೆ ಬಾಳುವುದು ಇನ್ನೆಷ್ಟು ಕಷ್ಟ ಎಂದು ನನಗಿಂತ ಚೆನ್ನಾಗಿ ಅವಳ ಪುಸ್ತಕಕ್ಕೂ ಗೊತ್ತಿರಲಿಕ್ಕಿಲ್ಲ. ಹೊಳೆ ಕಡಲಿಗೆ ಸೇರುವ ಇದೇ ಅಳಿವೆಯ ಮೇಲಿನ ಗುಡ್ಡದಲ್ಲಿ ಒಂದು ವರ್ಷ ನಮ್ಮ ದಂಡೆಯನ್ನು ಕಾದದ್ದು ಮೂರು ತಾಳೆಮರ. ಅವನ್ನು ಕೆತ್ತಿದವನು ನನ್ನಪ್ಪ, ಅವಕ್ಕೆ ಇದೇ ಗೇರೆಣ್ಣೆ ಬಳಿದವಳು ನಾನು.

ಅದು ನಲವತ್ತೆರಡನೆಯ ಇಸವಿ. ನನಗೆ ಮದುವೆಯಾಗಿ ಎರಡನೆಯ ಮಳೆಗಾಲ. ಆ ಸಲ ಕಡಲು ಏನೇನೋ ತಂದು ದಂಡೆಗೆ ಹಾಕತೊಡಗಿತ್ತು. ಒಂದು ದಿನ ಎಣ್ಣೆ ಮೆತ್ತಿದ ಹಲಗೆ, ಇನ್ನೊಂದು ದಿನ ಸುಟ್ಟ ಪೀಪಾಯಿ, ಮತ್ತೊಂದು ದಿನ ಒಂದೇ ಒಂದು ಬೂಟು. ಬೂಟು ಬಂದ ದಿನ ನಮ್ಮ ಕೇರಿಯಲ್ಲಿ ಒಬ್ಬರೂ ಮೀನು ಬೇಯಿಸಲಿಲ್ಲ. ರಂಗೂನು ಜಪಾನಿಯ ಕೈಗೆ ಹೋಗಿತ್ತು, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತ್ತು. ಇನ್ನು ಜಪಾನಿಯೇ ಬರುತ್ತಾನೆ ಎಂದು ಎಲ್ಲರೂ ಹೇಳುವವರೇ. ನೀರಿನೊಳಗೇ ಬರುವ ಹಡಗು ಇದೆಯಂತೆ, ಕಣ್ಣು ಮಾತ್ರ ಮೇಲೆ ಇರುತ್ತದಂತೆ. ಮುಸ್ಸಂಜೆಗೆ ದೀಪ ಹಚ್ಚಿದರೆ ಪೊಲೀಸ ಬಂದು ಬೈಯುತ್ತಿದ್ದ. ದೇವರ ಮುಂದಿನ ನೀಲಾಂಜನಕ್ಕೂ ತೆಂಗಿನ ಗೆರಟೆ ಮುಚ್ಚಿಡುತ್ತಿದ್ದೆವು.

ನನ್ನ ಗಂಡ ತಾಂಡೇಲ, ಅಂದರೆ ಸರಕು ಸಾಗಿಸುವ ಹಾಯಿದೋಣಿ ಮಚವೆಯ ಚುಕ್ಕಾಣಿ ಹಿಡಿಯುವ ಯಜಮಾನ. ಅವನ ಹೆಸರು ಈ ವಯಸ್ಸಿನಲ್ಲೂ ನನ್ನ ಬಾಯಲ್ಲಿ ಬರುವುದಿಲ್ಲ, ಹಾಗಾಗಿ ಇಲ್ಲೂ ತಾಂಡೇಲನೆಂದೇ ಬರೆಯುತ್ತೇನೆ. ಚುಕ್ಕಾಣಿ ಸಿಕ್ಕ ಮೊದಲನೇ ವರ್ಷವೇ ಹೀಗಾದದ್ದು. ನೂಲಹುಣ್ಣಿಮೆಗೆ ಎಂದಿನಂತೆ ಕಡಲಿಗೆ ಕಾಯಿ ಬಿಟ್ಟೆವು. ಕಾಯಿ ಹೋಯಿತು, ಮಚವೆ ಹೋಗಲಿಲ್ಲ. ತೆಂಗಿನ ಮಡಲಿನ ಮಾಡಿನ ಕೆಳಗೆ ಎಲ್ಲ ಮಚವೆಗಳೂ ಬಸವಳಿದ ಎಮ್ಮೆಗಳ ಹಾಗೆ ಮಲಗಿದ್ದವು. ಮಂಗಳೂರಿನಲ್ಲಿ ಸರಕಾರಿ ಪರ್ಮಿಟ್ಟಿನ ಅಕ್ಕಿ ನಮ್ಮೂರಿನ ಪಾಲಿಗೆಂದು ಬಂದು ಬಿದ್ದಿತ್ತು. ಲಾರಿಗೆ ಪೆಟ್ರೋಲಿಲ್ಲ, ಮಚವೆಯಲ್ಲೇ ತರಬೇಕು. ಹೋಗುವವರು ಯಾರು? ಕೇರಿಯ ಮನೆಗಳಲ್ಲಿ ಗೆಣಸು ಬೇಯುತ್ತಿತ್ತು, ಅದೂ ಮುಗಿಯುತ್ತ ಬಂದಿತ್ತು.

ಆಗ ಗುಡ್ಡಕ್ಕೆ ಒಬ್ಬ ಬಿಳಿ ಸಾಯ್ಬ ಬಂದ. ಅವನ ಜೊತೆ ಒಬ್ಬ ಮರಾಠಾ ಹವಾಲ್ದಾರ, ನಾಲ್ಕಾರು ಸಿಪಾಯಿಗಳು. ಅಪ್ಪನನ್ನು ಕರೆಸಿದರು. ಅಪ್ಪ ಮಚವೆ ಕಟ್ಟುವ ಬಡಗಿ. ಮಳೆಗಾಲದಲ್ಲಿ ಕೈ ಖಾಲಿಯಿದ್ದಾಗ ಕರ್ಕಿ ಕಡೆಯ ಯಕ್ಷಗಾನದ ಆಟದವರಿಗೆ ಕಿರೀಟ, ಗದೆ, ಭುಜಕೀರ್ತಿ ಮಾಡಿಕೊಡುತ್ತಿದ್ದ. ಚಿಕ್ಕಂದಿನಿಂದ ಅವಕ್ಕೆ ಬಣ್ಣ ಬಳಿಯುವುದು, ಬೇಗಡೆ ಅಂಟಿಸುವುದು ನನ್ನ ಕೆಲಸ. ಹಾಗಾಗಿ ಗುಡ್ಡದ ಕೆಲಸಕ್ಕೂ ಅಪ್ಪ ನನ್ನನ್ನೇ ಕರೆದ. ಕೇರಿಗೆ ಹೇಳಿದ್ದು ಬೇರೆ. ತೋಪು ಬರುತ್ತದೆ, ಅದರ ಗಾಡಿಗೆ ಅಪ್ಪ ಮರದ ಗಾಲಿ ಮಾಡುತ್ತಾನೆ, ಮಗಳು ಗಂಜಿ ಬೇಯಿಸಿ ಹಾಕುತ್ತಾಳೆ ಎಂದು.

ಗುಡ್ಡದ ಮೇಲೆ ಹಾಕಿದ್ದ ಬೇಲಿಯ ಒಳಗೆ ಹೋದ ಮೇಲೆ ಹವಾಲ್ದಾರ ಮರಾಠಿ ಬೆರೆತ ಕನ್ನಡದಲ್ಲಿ ಹೇಳಿದ್ದು ಇಷ್ಟೇ. "ಹೇ ಬಘ ಬಾಬಾ, ತೋಪು ಇಲ್ಲ. ಸರ್ಕಾರದ ಹತ್ರ ಇಲ್ಲಿಗೆ ಕೊಡ್ಲಿಕ್ಕೆ ತೋಪು ಇಲ್ಲ. ನೀನು ಮಾಡ್ಬೇಕು. ಸಮುದ್ರದಿಂದ ದುರ್ಬೀನು ಹಾಕಿ ನೋಡಿದವ ಹೆದರ್ಬೇಕು. ಒಂದು ಮಾತು ಹೊರಗೆ ಹೋತು ಅಂದ್ರೆ ನಿನಗೆ ಜೇಲು."

ಅಪ್ಪ ತಲೆ ತುರಿಸಿಕೊಂಡ. ಆಮೇಲೆ ಅವನ ಮುಖದಲ್ಲಿ ಕಿರೀಟ ಮಾಡುವಾಗಿನ ಆ ಕಳ್ಳನಗೆ ಬಂತು. "ರಾಕ್ಷಸ್ನ ಬಣ್ಣದ ವೇಷ ಯಾರನ್ನಾದ್ರೂ ಕಚ್ಚಿದ್ದು ಇದ್ಯನೇ ಮಗಾ? ಆದ್ರೂ ಅದು ಹೂಂಕರಿಸಿ ಬಂದ್ರೆ ಮುಂದೆ ಕೂತ ಗಂಡಸ್ರು ಹಿಂದೆ ಸರೀತ್ರು ಅಲ್ದಾ?" ಎಂದ. ಹಳ್ಳದ ಬದಿಯ ತಾಳೆತೋಪಿನಿಂದ ನೆಟ್ಟನೆಯ ಮೂರು ಮರ ಕಡಿಸಿದ. "ಕಡಿದದ್ದೂ ತೋಪು, ಮಾಡೂದೂ ತೋಪು" ಎಂದು ತನ್ನ ಮಾತಿಗೆ ತಾನೇ ನಕ್ಕ. ಸಿಪ್ಪೆ ಕೆತ್ತಿ, ತುದಿಯನ್ನು ಮೊಳದುದ್ದ ಕೊರೆದು, ಬಾಯಿಯ ಸುತ್ತ ದಪ್ಪ ಬಳೆ ಕೂರಿಸಿದ. ಅಭ್ಯಾಸಬಲ ನೋಡಿ, ಆ ಬಳೆಯ ಮೇಲೆ ತಾವರೆ ಎಸಳು ಕೆತ್ತತೊಡಗಿದ್ದ. ಹವಾಲ್ದಾರ ಹಣೆ ಚಚ್ಚಿಕೊಂಡು ಅದನ್ನು ಉಜ್ಜಿಸಿ ತೆಗೆಸಿದ.

ದೀಪದ ಕಾಡಿಗೆಯನ್ನು ಗೇರೆಣ್ಣೆಯಲ್ಲಿ ಕಲಸಿ ನಾನು ಬಳಿದೆ. ಹಸಿ ಗೇರೆಣ್ಣೆ ತಾಗಿದಲ್ಲಿ ಚರ್ಮ ಬೊಬ್ಬೆ ಏಳುತ್ತದೆ, ಅದಕ್ಕೇ ಕೈಗೆ ಕೊಬ್ಬರಿ ಎಣ್ಣೆ ಮೆತ್ತಿ ಬಟ್ಟೆ ಸುತ್ತಿಕೊಳ್ಳುತ್ತಿದ್ದೆ. ಒಣಗಿದ ಮೇಲೆ ಮಾತ್ರ ಅದು ಏನೂ ಮಾಡುವುದಿಲ್ಲ, ಕಬ್ಬಿಣದ ಹಾಗೆ ಹೊಳೆಯುತ್ತದೆ. ಕಡೆಗೆ ಶಬ್ದಕ್ಕೆಂದು ಭಟ್ಕಳದಿಂದ ಗರ್ನಾಲು ಹೊಡೆಯುವ ಇಸ್ಮಾಯಿಲ್ ಸಾಬರನ್ನು ಕರೆಸಿದರು. ಬಂಡಿಹಬ್ಬಕ್ಕೆ, ಮದುವೆಗೆ ಮದ್ದು ತುಂಬಿ ಢಂ ಎನ್ನಿಸುವವರು ಅವರೇ. ತೋಪಿನ ಹಿಂದೆ ಕುಳಿ ತೋಡಿ, ತಮ್ಮ ಕಬ್ಬಿಣದ ಕುಡಿಕೆಗಳಿಗೆ ಮದ್ದು ಜಡಿದು, "ದೇವ್ರಿಗೂ ನನ್ನ ಗರ್ನಾಲೇ, ಜಪಾನಿಗೂ ನನ್ನ ಗರ್ನಾಲೇ ತಂಗಿ, ಕಿವಿ ಮುಚ್ಕೋ" ಎಂದು ಬತ್ತಿಗೆ ಬೆಂಕಿ ಇಟ್ಟರು.

ಆ ಮೂರು ಸದ್ದಿಗೆ ಕೆಳಗೆ ಕೇರಿಯಲ್ಲಿ ಜನ ಕುಣಿದರು. ಹಂಚು ಅಲುಗಿತು ಎಂದವರುಂಟು, ಎಮ್ಮೆಯ ಕರು ಹಗ್ಗ ಹರಿಯಿತು ಎಂದವರುಂಟು. ನನ್ನ ಗಂಡ ನಾನು ಬರುವುದನ್ನೇ ಕಾಯುತ್ತ ಹಾದಿಯಲ್ಲಿ ನಿಂತಿದ್ದ.

"ಕೇಳ್ತನೇ! ಇನ್ನು ಎಂತ ಹೆದ್ರಿಕೆ? ಇಲ್ಲಿ ತೋಪು ಇಟ್ಟಾರು ಅಂದ್ಮೇಲೆ ಭಟ್ಕಳದಲ್ಲೂ ಇಟ್ಟಿರ್ತಾರು. ದಂಡೆ ಹಿಡ್ಕಂಡು ಹೋದ್ರೆ ಯಾವ ಜಪಾನಿ ಹತ್ರ ಬತ್ತ? ದಸರೆ ಮರುದಿನ ನಾ ಮಂಗಳೂರಿಗೆ ಹೊರಡ್ತೆ. ಅಕ್ಕಿ ತತ್ತೆ."

ಇಡೀ ಕೇರಿ ಸಂತೋಷದಲ್ಲಿತ್ತು. ತೋಪು ಮರದ್ದೆಂದು ತಿಳಿದ ಊರಿನ ಹೆಣ್ಣು ನಾನೊಬ್ಬಳೇ. ಆ ಮರವನ್ನು ನಂಬಿ ಕಡಲಿಗೆ ಇಳಿಯುವವನು ನನ್ನ ಗಂಡ. ಹೇಳಿದರೆ ಅಪ್ಪನಿಗೆ ಜೈಲು, ಹೇಳದಿದ್ದರೆ ಗಂಡ ಎಲ್ಲಿಗೆ? ಬಿಸಿತುಪ್ಪ ಬಾಯಲ್ಲಿ ಇಟ್ಟುಕೊಂಡವಳ ಪಾಡು ನನ್ನದಾಯಿತು.

ಅಪ್ಪನ ಕಾಲು ಹಿಡಿದೆ. "ಅವ್ರಿಗೆ ಒಬ್ರಿಗೆ ಹೇಳು ಅಪ್ಪ. ಬೇರೆ ಯಾರಿಗೂ ಬೇಡ."

ಅಪ್ಪ ಬಾಚಿ ಮಸೆಯುತ್ತಿದ್ದವನು ಕೈ ನಿಲ್ಲಿಸಿದ. "ನಿನ್ನ ಗಂಡ ಚಿನ್ನದಂತವ. ಆದ್ರೆ ಅವನ ಬಾಯಿಗೆ ಬಾಗ್ಲೇ ಇಲ್ಲ ಮಗಾ. ಅಂವಗೆ ಗೊತ್ತಾದ್ರೆ ಮಚವೆಯ ಖಲಾಶಿಗಳಿಗೆ ಗೊತ್ತಾತದೆ. ಖಲಾಶಿಗಳಿಗೆ ಗೊತ್ತಾದ್ರೆ ಮಂಗಳೂರು ಬಂದರಕ್ಕೆ ಗೊತ್ತಾತದೆ. ಅಲ್ಲಿಂದ ಯಾರ ಕಿವಿಗೆ ಹೋತದೋ ಬಲ್ಲವರಾರು? ಆ ಮೂರರಲ್ಲಿ ಮದ್ದು ಅಂತ ಇಪ್ಪುದು ಗುಟ್ಟು ಒಂದೇ. ಅದು ಸೋರಿ ಹೋದ್ರೆ ಒಲೆಗೆ ಹಾಕೂದೇ ಸೈ."

ನಾನು ಬೇರೆ ದಾರಿ ಹಿಡಿದೆ. ಕೆಟ್ಟ ಕನಸು ಬಿತ್ತು ಎಂದೆ, ಹಲ್ಲಿ ಲೊಚಗುಟ್ಟಿತು ಎಂದೆ, ಹೊಟ್ಟೆನೋವೆಂದು ಹೊರಳಾಡಿದೆ. ತಾಂಡೇಲ ಪ್ರತಿಯೊಂದಕ್ಕೂ ನಕ್ಕ. "ಗಂಡನ್ನ ಸೆರಗಿಗೆ ಗಂಟು ಹಾಕ್ಕಂಡು ಕೂತ್ರೆ ಊರಿಗೆ ಅಕ್ಕಿ ನಿನ್ನಜ್ಜ ತತ್ನನೇ?" ಎಂದ. ನನ್ನ ಬಾಯಿ ಮೊದಲಿಂದಲೂ ಜೋರು, ಜಗಳ ಹಚ್ಚಿ ಪಾತ್ರೆ ಎಸೆದೆ. ಅವನು ಪಾತ್ರೆ ಹೆಕ್ಕಿ ಇಟ್ಟು, ಮಚವೆಯ ಬಿರುಕಿಗೆ ಹತ್ತಿ ತುಂಬಲು ಹೋದ.

ಅಷ್ಟರಲ್ಲಿ ಮಂಜಜ್ಜ ಬಾಯಿ ತೆರೆದ. ನಮ್ಮ ಕೇರಿಗೆ ಹಿರಿಯ, ತಾಂಡೇಲನ ಮಚವೆಯಲ್ಲಿ ಎಲ್ಲರಿಗಿಂತ ಹಳೆಯ ಖಲಾಶಿ. ಮಾತು ಕಡಿಮೆ, ಆಡಿದರೆ ಯಾರೂ ಮೀರುತ್ತಿರಲಿಲ್ಲ. "ಆಯುಧಪೂಜೆ ಬಂತು. ಮನೆ ಕತ್ತಿಗೆ, ಬಲೆಗೆ, ಹುಟ್ಟಿಗೆ ಪೂಜೆ ಮಾಡ್ತು. ಊರು ಕಾಯೂ ತೋಪಿಗೆ ಒಂದು ಕುಂಕುಮ ಇಲ್ದೆ ಅಳಿವೆ ದಾಟೂದು ಹೇಂಗೆ? ಪೂಜೆ ಆಗ್ದೆ ನಾ ಮಚವೆ ಹತ್ತೂದಿಲ್ಲ" ಎಂದ. ಕೇರಿಯೆಲ್ಲ ಹೌದೆಂದಿತು.

ಬಿಳಿ ಸಾಯ್ಬ ಆಗ ಕಾರವಾರಕ್ಕೆ ಹೋಗಿದ್ದ. ಇದ್ದಿದ್ದರೆ ಒಂದೇ ಮಾತಿನಲ್ಲಿ ಓಡಿಸುತ್ತಿದ್ದ. ಇದ್ದವನು ಹವಾಲ್ದಾರ, ಅವನೋ ಮರಾಠಾ. ಅವರಲ್ಲೂ ಖಂಡೇನವಮಿಗೆ ಆಯುಧ ಪೂಜಿಸದ ಸಿಪಾಯಿ ಇಲ್ಲ. ಬೇಡವೆನ್ನಲು ಅವನಿಗೆ ನಾಲಿಗೆಯೇ ಏಳಲಿಲ್ಲ, ಆಯ್ತೆನ್ನಲು ಧೈರ್ಯವಿಲ್ಲ. ಬೇಡವೆಂದರೆ ಸಂಶಯ ಬರುತ್ತದೆ ಎಂದು ಅಪ್ಪನೇ ಹೇಳಿದ. ಕೊನೆಗೆ ಹೀಗೆ ತೀರ್ಮಾನವಾಯಿತು: ಜನ ಹಗ್ಗದ ಆಚೆ ನಿಲ್ಲಬೇಕು, ತೋಪಿಗೆ ಹೂ ಏರಿಸುವುದು ಅಪ್ಪ, ಕುಂಕುಮ ಹಚ್ಚುವುದು ಮಾತ್ರ ಒಬ್ಬನೇ ಒಬ್ಬ. ಆ ಒಬ್ಬ ಯಾರೆಂದು ಯಾರೂ ಕೇಳಬೇಕಾಗಿರಲಿಲ್ಲ. ಮೊದಲು ಅಳಿವೆ ದಾಟುವ ಮಚವೆಯ ತಾಂಡೇಲನೇ ಕಡಲಿಗೆ ಕಾಯಿ ಬಿಡುವುದು ನಮ್ಮಲ್ಲಿಯ ಕಟ್ಟಳೆ. ತೋಪಿಗೂ ಅದೇ ಎಂದಾಯಿತು.

ನವಮಿಯ ಮಧ್ಯಾಹ್ನ. ಮಳೆ ಹಿಂದೆಗೆದ ಮೇಲಿನ ಬಿಸಿಲು, ಗುಡ್ಡದ ಕೆಂಪುಕಲ್ಲು ಬರಿಗಾಲಿಗೆ ಚುರುಚುರು ಎನ್ನುತ್ತಿತ್ತು. ಒಬ್ಬರೂ ಒಂದು ಕಡೆ ಕಾಲೂರಿ ನಿಲ್ಲುವ ಹಾಗಿರಲಿಲ್ಲ. ಅಪ್ಪ ಚೆಂಡುಹೂವಿನ ಮಾಲೆಗಳನ್ನು ತೋಪುಗಳ ಮೇಲೆ ಹೇರಿ ಹೇರಿ ಹಾಕಿದ್ದ, ಎಲ್ಲಿ ಗೆರೆ, ಎಲ್ಲಿ ಗಂಟು ಕಾಣುತ್ತದೋ ಅಲ್ಲೆಲ್ಲ. ನಾನು ಕುಂಕುಮದ ಹರಿವಾಣ ಹಿಡಿದು ಹಗ್ಗದ ಬಳಿ ನಿಂತಿದ್ದೆ. ಹವಾಲ್ದಾರನ ಕೊರಳಿನ ನರ ಉಬ್ಬಿತ್ತು. ನನ್ನ ಪಕ್ಕದಲ್ಲಿ ಮಂಜಜ್ಜ, ರೆಪ್ಪೆ ಹೊಡೆಯದೆ ನೋಡುತ್ತಿದ್ದ.

ತಾಂಡೇಲ ಹರಿವಾಣ ತೆಗೆದುಕೊಂಡು ಹೋದ. ಮೊದಲನೆಯ ತೋಪಿಗೆ ಬೆರಳ ತುದಿಯಿಂದ ಕುಂಕುಮ ಇಟ್ಟ. ನಾನು ಉಸಿರು ಬಿಟ್ಟೆ. ಅಷ್ಟಕ್ಕೇ ಬಂದಿದ್ದರೆ ಆಗುತ್ತಿತ್ತು. ಆದರೆ ಅವನಿಗೊಂದು ಅಭ್ಯಾಸ. ಕಡಲಿಗೆ ಇಳಿಯುವ ಮೊದಲು ಮಚವೆಯ ಮೂತಿಗೆ ಅಂಗೈ ಪೂರ್ತಿ ಊರಿ, ಕಣ್ಣು ಮುಚ್ಚಿ, ಏನೋ ಬೇಡಿಕೊಳ್ಳುವುದು. ತೋಪಿನ ಮೂತಿಗೂ ಹಾಗೇ ಅಂಗೈ ಊರಿದ. ಕಣ್ಣು ಮುಚ್ಚಿದ.

ಕಬ್ಬಿಣವಾಗಿದ್ದರೆ ಆ ಬಿಸಿಲಿಗೆ ಅದರ ಮೇಲೆ ದೋಸೆ ಹೊಯ್ಯಬಹುದಿತ್ತು. ಅವನ ಕೈ ಅಲ್ಲೇ ಇತ್ತು. ಇನ್ನೂ ಅಲ್ಲೇ ಇತ್ತು. ಅಪ್ಪನ ಮುಖದಿಂದ ರಕ್ತ ಇಳಿದುಹೋದದ್ದನ್ನು ನಾನು ಕಂಡೆ. ತಾಂಡೇಲನ ಕಣ್ಣು ತೆರೆಯಿತು. ಅವನು ಮೊದಲು ತನ್ನ ಕೈಯನ್ನು ನೋಡಿದ, ಆಮೇಲೆ ಅಪ್ಪನನ್ನು, ಆಮೇಲೆ ನನ್ನನ್ನು. ನಾನು ತಲೆಯನ್ನೂ ಅಲ್ಲಾಡಿಸಲಿಲ್ಲ. ಆದರೆ ಗಂಡನಿಗೆ ಹೆಂಡತಿಯ ಮುಖ ಓದಲು ಶಾಲೆ ಬೇಕೆ?

"ಅಯ್ಯಯ್ಯಪ್ಪೋ! ಸುಟ್ಟೋತು!"

ಎರಡು ಮಾರು ಹಿಂದಕ್ಕೆ ಹಾರಿದ. ಹರಿವಾಣ ಠಣಾರನೆ ಬಿತ್ತು. ಕೈ ಕೊಡವಿದ, ಊದಿಕೊಂಡ, ಕುಣಿದ, ಮತ್ತೆ ಊದಿಕೊಂಡ. "ತೋಪೋ ಇದು ಅಗ್ಗಿಷ್ಟಿಕೆಯೋ ಮಾರಾಯ್ರೇ, ಚರ್ಮ ಕಿತ್ಕಂಡೇ ಹೋತಲ್ಲೋ!" ಎಂದು ಕೂಗಿದ. ಜನ ಹೊಟ್ಟೆ ಹಿಡಿದು ನಕ್ಕರು. ಹವಾಲ್ದಾರ ಕಣ್ಣು ಮುಚ್ಚಿ ಯಾವುದೋ ದೇವರ ಹೆಸರು ಹೇಳಿಕೊಂಡ. ಬಾಯಿಗೆ ಬಾಗಿಲಿಲ್ಲದವನೆಂದು ಅಪ್ಪ ಹೇಳಿದ ಆ ಬಾಯಿ ಆ ದಿನ ನಮ್ಮನ್ನೆಲ್ಲ ಉಳಿಸಿತು. ಮಂಜಜ್ಜ ಮಾತ್ರ ನಗಲಿಲ್ಲ. "ಆತು, ಪೂಜೆ ಆತು. ನಡೀರಿ" ಎಂದಷ್ಟೇ ಹೇಳಿ ಗುಡ್ಡ ಇಳಿದ.

ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ತಾಂಡೇಲ ನನ್ನನ್ನು ಕೇಳಿದ.

"ನಿಂಗೆ ಗೊತ್ತಿತ್ತು."

"ಹೂಂ."

"ಹೊಟ್ಟೆನೋವು, ಹಲ್ಲಿ, ಕನಸು, ಎಲ್ಲಾ ಅದಕ್ಕೇ."

ನಾನು ಅತ್ತುಬಿಟ್ಟೆ. ಇನ್ನು ಹೋಗುವುದು ಬೇಡ, ಈಗ ನಿಮಗೂ ಗೊತ್ತಾಯಿತಲ್ಲ ಎಂದೆ. ಅವನು ಗೋಡೆಗೆ ಒರಗಿ ಕೂತು ತನ್ನ ಅಂಗೈಯನ್ನೇ ನೋಡುತ್ತಿದ್ದ. "ಈಗ ಹೆಂಗೆ ಬಿಡ್ಲೆ? ತೋಪು ಮುಟ್ಟಿ ಬಂದ ತಾಂಡೇಲನೇ ಹೆದರಿ ಕೂತ ಅಂದ್ರೆ ಊರು ಎಂತ ತಿಳೀತದೆ? ಮೊದ್ಲು ತೋಪು ನೋಡಿ ಹೊರಟೆ. ಈಗ ತೋಪು ಉಳೀಬೇಕು ಅಂದ್ರೆ ನಾನೇ ಹೊರಡ್ಬೇಕು" ಎಂದ.

ಅಪ್ಪ ಹಿತ್ತಿಲ ಬಾಗಿಲಿನಿಂದ ಬಂದ. ಅಳಿಯನ ಎದುರು ಕೈಮುಗಿದು ನಿಂತ. ಅಪ್ಪ ಯಾರಿಗೂ ಹಾಗೆ ನಿಂತವನಲ್ಲ, ನನಗೆ ನೋಡಲಾಗಲಿಲ್ಲ. ಆಮೇಲೆ ತಾನು ತಂದಿದ್ದ ಗೆರಟೆಯಷ್ಟು ಗೇರೆಣ್ಣೆಯನ್ನು ಮುಂದೆ ಚಾಚಿದ. "ನಾಳೆ ಜನ ಕೈ ನೋಡ್ತಾರು. ಇದನ್ನ ಸ್ವಲ್ಪ ಸವರಿದ್ರೆ ಬೊಬ್ಬೆ ಬತ್ತದೆ" ಎಂದ. ನನಗೆಲ್ಲಿತ್ತೋ ಸಿಟ್ಟು, ಗೆರಟೆ ಕಸಿದು ಅಂಗಳಕ್ಕೆ ಎಸೆದೆ. "ಚುಕ್ಕಾಣಿ ಹಿಡಿಯೂ ಕೈ ಅದು! ನಿನ್ನ ಸುಳ್ಳಿಗೆ ನನ್ನ ಗಂಡನ ಚರ್ಮ ಬೇಕಾ?" ಎಂದು ಚೀರಿದೆ. ನನ್ನ ಹಳೆಯ ಸೀರೆಯ ಅಂಚು ಹರಿದು, ಲೋಳೆಸರ ಮೆತ್ತಿ, ಗಾಯವಿಲ್ಲದ ಅಂಗೈಗೆ ಪಟ್ಟಿ ಕಟ್ಟಿದೆ.

ಮರುದಿನದ ವಿಜಯದಶಮಿ ಕಳೆದು, ಅದರ ಮಾರನೆಯ ಬೆಳಗಿನ ಇಳಿತಕ್ಕೆ ಮಚವೆ ಹೊರಟಿತು. ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಕೈ ಹೇಗಿದೆ ಎಂದು ಕೇಳಿದರು. "ಉರೀತದೆ" ಎಂದು ಅವನು ಎಲ್ಲರಿಗೂ ಮುಖ ಕಿವುಚಿ ತೋರಿಸಿದ. ನನ್ನ ಹತ್ತಿರ ಬಂದಾಗ, ಪಟ್ಟಿಯ ಗಂಟನ್ನು ಇನ್ನೊಮ್ಮೆ ಬಿಗಿ ಮಾಡು ಎಂದು ಕೈ ಚಾಚಿದ. ಬಿಗಿ ಮಾಡಿದೆ.

ಒಂದೇ ವಾರದಲ್ಲಿ ಬರುತ್ತೇವೆ ಎಂದು ಹೋದವರು. ವಾರ ಕಳೆಯಿತು, ಇನ್ನೊಂದು ವಾರವೂ ಕಳೆಯಿತು. ಕಡಲ ನಡುವಿನ ನೇತ್ರಾಣಿ ಗುಡ್ಡದ ಆಚೆ ಹೊಗೆ ಕಂಡಿತೆಂದು ಮುರ್ಡೇಶ್ವರದ ಕಡೆಯಿಂದ ಸುದ್ದಿ ಬಂತು. ಗೆಣಸೂ ಮುಗಿಯಿತು, ಕೆಸುವಿನ ಗಡ್ಡೆ ಅಗೆದು ತಂದೆವು. ಖಲಾಶಿಗಳ ಹೆಂಡಂದಿರು ಗುಡ್ಡದ ಕಡೆ ಕೈಮುಗಿದು, "ತೋಪಪ್ಪ, ನೀನೇ ಕಾಯಿ" ಎನ್ನುತ್ತಿದ್ದರು. ಅವರ ಜೊತೆ ನಾನೂ ಕೈಮುಗಿಯಬೇಕಾಗುತ್ತಿತ್ತು. ಅಪ್ಪ ಊಟ ಬಿಟ್ಟ. ಹಗಲೆಲ್ಲ ಆ ಮೂರು ಮರಗಳ ಬುಡದಲ್ಲಿ ಕೂತು ಕಡಲು ನೋಡುತ್ತಿದ್ದ. ಗಂಜಿ ಒಯ್ದರೆ, "ಅಂವ ಬರ್ದೆ ಇದ್ರೆ ಇವನ್ನ ನಾನೇ ಕಡಿದು ಹಾಕ್ತೆ. ಜೈಲಾದ್ರೆ ಆಗ್ಲಿ, ಗಲ್ಲಾದ್ರೂ ಆಗ್ಲಿ" ಎಂದ. ಬಾಚಿ ಅವನ ಮಗ್ಗುಲಲ್ಲೇ ಇತ್ತು.

ದೀಪಾವಳಿಯ ನೀರು ತುಂಬುವ ದಿನ, ಬಾವಿಯ ಹತ್ತಿರ ಹಂಡೆ ತೊಳೆಯುತ್ತಿದ್ದೆ. ಗುಡ್ಡದ ಮೇಲಿಂದ ಅಪ್ಪ ಕೂಗಿದ ಕೂಗು ಇನ್ನೂ ನನ್ನ ಕಿವಿಯಲ್ಲಿದೆ. ಮಾತಲ್ಲ, ಬರೀ ಕೂಗು. ಹಂಡೆ ಅಲ್ಲೇ ಬಿಟ್ಟು ಓಡಿದೆ. ಅಳಿವೆಯಲ್ಲಿ ನಮ್ಮ ತೇಪೆ ಹಾಕಿದ ಹಾಯಿ, ಅಕ್ಕಿಯ ಭಾರಕ್ಕೆ ಅಂಚಿನವರೆಗೂ ನೀರಿನಲ್ಲಿ ಮುಳುಗಿದ ಮಚವೆ. ಚುಕ್ಕಾಣಿಯ ಬಳಿ ಅವನು, ಬಲಗೈಯಲ್ಲಿ ಪಟ್ಟಿ.

ಮಂಗಳೂರಿನಲ್ಲಿ ಪರ್ಮಿಟ್ಟಿಗಾಗಿ ಕಾದು ಕಾದು ತಡವಾಯಿತಂತೆ. ಊಟವಾದ ಮೇಲೆ ನಾನು ಪಟ್ಟಿ ಬಿಚ್ಚಲು ಹೋದೆ. ಗಂಟು ನನ್ನದಾಗಿರಲಿಲ್ಲ. ನಾನು ಹೆಂಗಸರ ಗಂಟು ಹಾಕಿದ್ದೆ, ಇದು ಖಲಾಶಿಗಳು ಹಗ್ಗಕ್ಕೆ ಹಾಕುವ ಗಂಟು. ಒಂದೇ ಕೈಯಲ್ಲಿ ಯಾರೂ ತನಗೆ ತಾನೇ ಹಾಕಿಕೊಳ್ಳಲಾಗದ್ದು.

"ಇದನ್ನ ಯಾರು ಕಟ್ಟಿದ್ದು?"

ಅವನು ಹೇಳಿದ. ಹೋಗುವಾಗ ಭಟ್ಕಳ ದಾಟುವ ಮುಂಚೆ ನೇತ್ರಾಣಿಯ ಹತ್ತಿರ ನೀರಿನಿಂದ ಕರ್ರಗಿನದೇನೋ ಎದ್ದಿತಂತೆ. ತಿಮಿಂಗಿಲವೋ, ಆ ಕಳ್ಳ ಹಡಗೋ ಗೊತ್ತಿಲ್ಲ. ಹಾಯಿ ತಿರುಗಿಸುವ ಗಡಿಬಿಡಿಯಲ್ಲಿ ಅವನು ಪಟ್ಟಿ ಕಿತ್ತೆಸೆದು ಎರಡೂ ಕೈಯಿಂದ ಹಗ್ಗ ಜಗ್ಗಿದ. ಕರ್ರಗಿನದು ಎಷ್ಟೋ ಹೊತ್ತು ಇವರನ್ನು ನೋಡಿ, ಹಾಗೇ ಮುಳುಗಿತು. ಹೆದರಿ ಹೋಯಿತೋ, ಈ ಬಡಪಾಯಿ ಮಚವೆ ಯಾಕೆಂದು ಹೋಯಿತೋ, ಅದರೊಳಗಿದ್ದವರನ್ನೇ ಕೇಳಬೇಕು. ಜೀವ ಬಂದ ಮೇಲೆ ಅವನಿಗೆ ನೆನಪಾಯಿತು: ಗಾಯವಿಲ್ಲದ ಅಂಗೈ ಎಲ್ಲ ಖಲಾಶಿಗಳ ಎದುರು ಬಯಲಾಗಿತ್ತು. ಒಬ್ಬನೂ ಆ ಕಡೆ ನೋಡಲಿಲ್ಲ. ಕೈ ಹೇಗಿದೆ ಎಂದು ಹೋಗುವಾಗಲೂ ಕೇಳಲಿಲ್ಲ, ಬರುವಾಗಲೂ ಕೇಳಲಿಲ್ಲ.

"ಮತ್ತೆ ಇವತ್ತು ಬೆಳಿಗ್ಗೆ ನಮ್ಮ ಗುಡ್ಡ ಕಂಡ್ತು," ಎಂದ. "ಮಂಜಜ್ಜ ಎದ್ದು ಬಂದ. ಆ ಪಟ್ಟಿ ಅಂವ ತನ್ನ ಸೊಂಟದಲ್ಲಿ ಸಿಕ್ಕಿಸಿ ಇಟ್ಕಂಡಿದ್ದ, ನಂಗೆ ಗೊತ್ತೇ ಇಲ್ಲ. ನನ್ನ ಕೈ ಹಿಡ್ದು ಸುತ್ತಿ, ಗಂಟು ಬಿಗಿದು, 'ಊರು ಬಂತು ತಾಂಡೇಲಾ, ಕೈ ಉರೀತದೆ ಅಂಬೂದು ಮರೀಬೇಡ' ಅಂದ."

ನಾನು ಗಂಟಿಗೆ ಹಾಕಿದ್ದ ಕೈ ತೆಗೆದೆ. ಹೊರಗೆ ಜಗಲಿಯಲ್ಲಿ ಕೇರಿಯ ಹೆಂಗಸರು ಅಕ್ಕಿ ಅಳೆಸಿಕೊಳ್ಳಲು ಬಂದು ಕೂತಿದ್ದರು. ಒಬ್ಬಳು ಒಳಗೆ ಇಣುಕಿ, "ತಾಂಡೇಲ್ರ ಕೈ ಹೆಂಗಿದ್ಯೇ ತಂಗಿ?" ಎಂದು ಕೇಳಿದಳು.

"ಇನ್ನೂ ಮಾಯ್ಲಿಲ್ಲ ಅಕ್ಕಾ" ಎಂದೆ.